ಕಿಲ್ಟಿನ ಲೂಪು ಮತ್ತು ಪದ್ಮಕ್ಕನ ಹೊಲಿಗೆ

ಚಿಕ್ಕೋಡಿಯ ಹೊಲಿಗೆ ಕೆಲಸಗಾರರ ಸಂಘದಿಂದ ಮೂವರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಮೂವರೂ ಹೊಸದಾಗಿ ಅಂಗಡಿ ತೆರೆದವರು, ಮೂವರ ಕೊರಳಲ್ಲೂ ಟೇಪು ಹಾರದಂತೆ ನೇತಾಡುತ್ತಿತ್ತು. ಸಂಘದಿಂದ ಸ್ಮರಣ ಸಂಚಿಕೆ ತರುತ್ತೇವೆ, ನೀವು ನಲವತ್ತು ವರ್ಷ ಕತ್ತರಿ ಹಿಡಿದವರು, ಈ ಕೆಲಸಕ್ಕೆ ಬರುವ ಹೊಸಬರಿಗಾಗಿ ನಾಲ್ಕು ಪುಟ ಬರೆದುಕೊಡಿ ಎಂದರು. ಏನು ಬರೆಯಲಿ ಎಂದು ಕೇಳಿದೆ. ನಿಮ್ಮ ಸಾಧನೆ ಬರೆಯಿರಿ ಎಂದರು. ನನ್ನ ಸಾಧನೆ ಎಂದರೆ ಬಗ್ಗಿದ ಬೆನ್ನು ಮತ್ತು ಹೆಬ್ಬೆರಳಿನ ಮೇಲೆ ಕತ್ತರಿ ಮಾಡಿದ ಗಂಟು. ಎರಡನ್ನೂ ಅಚ್ಚು ಹಾಕಲು ಬರುವುದಿಲ್ಲ. ಅದಕ್ಕೇ, ಕಿಲ್ಟಿನ ಬೆಲ್ಟ್ ಲೂಪಿನ ಬಗ್ಗೆ ಬರೆಯುತ್ತೇನೆ ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕನಿಗೆ ಅರಳುಮರಳು ಅಂದುಕೊಂಡಿರಬೇಕು.

ಕಿಲ್ಟ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಕುಳಲ್ಲಿ ಚೀಲದ ವಾದ್ಯ ಇಟ್ಟುಕೊಂಡು ಊದುವ ಬ್ಯಾಂಡಿನವರು ತೊಡುತ್ತಾರಲ್ಲ, ಮೊಣಕಾಲಿನವರೆಗೆ ಬರುವ ಚೌಕಡಿ ಬಟ್ಟೆಯ ಲಂಗ, ಅದು. ಮುಂದೆ ಸಪಾಟು, ಹಿಂದೆಲ್ಲ ನಿರಿಗೆ. ಊರೂರಿನ ದೊಡ್ಡ ಶಾಲೆಗಳಲ್ಲಿ ಈಗ ಅದರ ಹುಚ್ಚು ಹತ್ತಿದೆ. ನೀವೂ ಇಂದಲ್ಲ ನಾಳೆ ಹೊಲಿಯುತ್ತೀರಿ, ಹೊಲಿಯುವಾಗ ನಾನು ಮಾಡಿದ ತಪ್ಪನ್ನೇ ಮಾಡುತ್ತೀರಿ. ಆದರೆ ನಾನು ಬರೆಯಲು ಕೂತದ್ದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ. ಆ ಲೂಪಿನ ನೆಪದಲ್ಲಿ ಒಬ್ಬ ಹೆಣ್ಣುಮಗಳ ಕೈಕೆಲಸಕ್ಕೆ ನಾನು ಎಲ್ಲರೆದುರು ಕೆಟ್ಟ ಹೆಸರು ತಂದಿದ್ದೇನೆ. ಅದನ್ನು ಎಲ್ಲರೆದುರೇ ತೆಗೆಯಬೇಕಾಗಿದೆ. ಕಟಿಂಗ್ ಮಾಸ್ತರನಾದವನಿಗೆ ಬಟ್ಟೆ ಬಂದ ಕೂಡಲೇ ಕತ್ತರಿ ಹಾಕುವ ರೂಢಿಯಿಲ್ಲ, ಮೊದಲು ಅಳತೆ, ಆಮೇಲೆ ಸೀಮೆಸುಣ್ಣದ ಗೆರೆ. ಹಾಗಾಗಿ ಸ್ವಲ್ಪ ತಾಳ್ಮೆ ಇರಲಿ.

ನಾನು ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಅವರಿಗೆ ಸಮಾಧಾನವಿದ್ದರೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಆರು ತಿಂಗಳಲ್ಲಿ ನನಗೆ ಮರಾಠಿ ಚೆನ್ನಾಗಿ ಬಂತು. ಮೊದಲ ವರ್ಷ ಕತ್ತರಿ ಮುಟ್ಟಲು ಬಿಡಲಿಲ್ಲ. ಬೆಲ್ಟ್ ಲೂಪು, ಅಂದರೆ ಸೊಂಟದ ಸುತ್ತ ಕೂರಿಸುವ ಸಣ್ಣ ಪಟ್ಟಿ, ಅದನ್ನು ಮಾಡುವುದೊಂದೇ ಕೆಲಸ. ಪಟ್ಟಿ ಹೊಲಿ, ಒಳಗಿನದು ಹೊರಗೆ ತಿರುವು, ಇಸ್ತ್ರಿ ಮಾಡು, ಎರಡೂವರೆ ಇಂಚಿಗೆ ಕತ್ತರಿಸಿ ಡಬ್ಬಿಗೆ ಹಾಕು. ದಿನಕ್ಕೆ ಇನ್ನೂರು. ಲೂಪು ಯಾತಕ್ಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ಯಾಂಟು ಇದ್ದಲ್ಲಿ ಲೂಪು ಇರುತ್ತದೆ, ಕುದುರೆ ಇದ್ದಲ್ಲಿ ಬಾಲ ಇದ್ದಹಾಗೆ ಅಂದುಕೊಂಡಿದ್ದೆ. ಸುಮಾರು ಮೂವತ್ತು ವರ್ಷ ಅದೇ ತಿಳಿವಳಿಕೆಯಲ್ಲಿ ಅನ್ನ ತಿಂದೆ.

ಆಮೇಲೆ ಚಿಕ್ಕೋಡಿಗೆ ಬಂದೆ. ಕೆಳಗೆ ಸಾವಕಾರರ ಬಟ್ಟೆ ಅಂಗಡಿ, ಮೇಲಿನ ಅಟ್ಟದಲ್ಲಿ ಯೂನಿಫಾರ್ಮ್ ಹೊಲಿಯುವ ಕಾರಖಾನೆ. ಆರು ಮಿಷನ್ನು, ಆರು ಜನ ಗಂಡಸರು, ಒಂದು ಕಟಿಂಗ್ ಟೇಬಲ್ಲು, ಅದರ ಹಿಂದೆ ನಾನು. ಕಿಟಕಿಯ ಬಳಿ ಚಾಪೆಯ ಮೇಲೆ ಪದ್ಮಕ್ಕ. ಕಾಜಾ, ಬಟನ್, ಹುಕ್ಕು, ಅಂಚು ಮಡಚುವ ತುರಪಿ, ಒಟ್ಟಿನಲ್ಲಿ ಮಿಷನ್ನಿಗೆ ಬಾರದ ಕೈಕೆಲಸವೆಲ್ಲ ಆಕೆಯದು. ಏಕಸಂಬಿಯ ಜೈನರ ಮನೆಯ ಹೆಣ್ಣುಮಗಳು, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು. ದಿನಾ ಬಸ್ಸಿಗೆ ಬರುವಳು. ಹೊತ್ತು ಮುಳುಗಿದ ಮೇಲೆ ಉಣ್ಣುವ ರೂಢಿ ಅವರಲ್ಲಿಲ್ಲವಾದ್ದರಿಂದ ಐದರ ಬಸ್ಸು ತಪ್ಪಿಸುತ್ತಿರಲಿಲ್ಲ. ಆಕೆ ಹಾಕಿದ ಬಟನ್ನು ಅಂಗಿ ಹರಿದು ನೆಲ ಒರೆಸುವ ಅರಿವೆಯಾದರೂ ಬಿಚ್ಚುತ್ತಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲೂಪಿನ ಬಗ್ಗೆ ನನಗೆ ಮೊದಲ ಪಾಠ ಹೇಳಿದವರು ಉಗಾರ ಬುದ್ರುಕದ ಒಬ್ಬ ಅಜ್ಜ. ಹುಟ್ಟಿದಾಗಿನಿಂದ ಧೋತರ ಉಟ್ಟವರು. ಮೊಮ್ಮಗಳ ಮದುವೆಗೆ ಮನೆಯವರೆಲ್ಲ ಹಟ ಹಿಡಿದು ಒಂದು ಪ್ಯಾಂಟು ಹೊಲಿಸಿದರು. ವಾರದಲ್ಲಿ ಅಜ್ಜ ಪ್ಯಾಂಟು ಹಿಡಿದುಕೊಂಡೇ ಅಟ್ಟ ಹತ್ತಿ ಬಂದರು. ನೋಡಿದರೆ ತಮ್ಮ ಉಡದಾರವನ್ನೇ ಬಿಚ್ಚಿ ಏಳೂ ಲೂಪಿನೊಳಗೆ ಪೋಣಿಸಿ ಗಂಟು ಹಾಕಿದ್ದಾರೆ. ಅದು ಹರಿದಿದೆ. ನಾವೆಲ್ಲ ಮಿಷನ್ನು ನಿಲ್ಲಿಸಿ ನಕ್ಕೆವು. ಅಜ್ಜ ನಗಲಿಲ್ಲ.

"ಏಳ ಕಿಂಡಿ ಇಟ್ಟೀರಿ. ಒಂದಕ್ಕರ ದಾರ ಕೊಟ್ಟೀರೇನ್ರಿ? ಕಿಂಡಿ ಯಾತಕ್ಕ ಅಂತ ನಿಮಗರ ಗೊತ್ತೈತೋ ಇಲ್ಲೋ?" ಎಂದರು.

ನನಗೆ ಗೊತ್ತಿರಲಿಲ್ಲ. ಆದರೆ ಮಾಸ್ತರನಾದವನು ಗೊತ್ತಿಲ್ಲ ಎನ್ನಬಾರದೆಂಬುದು ಗೊತ್ತಿತ್ತು. ಬೆಲ್ಟು ತಗೊಳ್ರಿ ಅಜ್ಜಾ ಎಂದು ಕಳಿಸಿದೆ. ನಲವತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಗಿರಾಕಿ ಅವರೊಬ್ಬರೇ.

ಉಳಿದವರ ಕಥೆ ಬೇರೆ. ರಾಯಬಾಗದ ಕಡೆಯ ಒಬ್ಬ ಪುಢಾರಿ ನಮ್ಮ ಖಾಯಂ ಗಿರಾಕಿ. ಸೊಂಟದ ಅಳತೆ ತಗೊಳ್ಳಲು ಹೋದರೆ, ಏಕೆ ಸುಮ್ಮನೆ, ಮೂವತ್ತನಾಲ್ಕು ಬರಿ ಎನ್ನುವರು. ಕಾಲೇಜಿನಲ್ಲಿ ಓದುವಾಗ ಇದ್ದ ಅಳತೆ ಅದು. ನಾನು ಬಾಯಲ್ಲಿ ಮೂವತ್ತನಾಲ್ಕು ಎಂದು ಕೂಗಿ ವಹಿಯಲ್ಲಿ ನಲವತ್ತೆರಡು ಬರೆಯುತ್ತಿದ್ದೆ. ನೋಡ್ರಿ, ಮಾಸ್ತರ ಹೊಲಿದದ್ದು ಹೆಂಗ ಕೂಡ್ತೈತಿ ಎಂದು ಅವರು ಊರೆಲ್ಲ ಹೊಗಳುವರು. ಹೆಡ್‌ಮಾಸ್ತರುಗಳದ್ದು ಇದಕ್ಕೆ ತಿರುಗಾಮುರುಗಾ. ಬೆಳೆಯುವ ಮಕ್ಕಳು, ಎಲ್ಲದಕ್ಕೂ ಎರಡು ಇಂಚು ಹೆಚ್ಚಿಗೆ ಬಿಡಿ ಎಂದು ಆಜ್ಞೆ. ಎರಡು ಇಂಚು ಬಿಡುವುದು ನಮ್ಮ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಬೆಳವಣಿಗೆ ನಿಂತ ಹೋಮಗಾರ್ಡಿನವರಿಗೂ ಬಿಟ್ಟಿದ್ದೆವು. ಈ ಎರಡು ಇಂಚನ್ನೂ ನೆನಪಿಡಿ.

ಈಗ ಕಿಲ್ಟು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕಾಗವಾಡದ ದಾರಿಯಲ್ಲಿರುವ ಒಂದು ವಸತಿ ಶಾಲೆಯ ಚೇರ್ಮನ್ನರು, ಹೆಸರು ಬೇಡ, ಎಲ್ಲೋ ದೊಡ್ಡ ಊರಿನ ಶಾಲೆಯಲ್ಲಿ ಚೀಲದ ಬ್ಯಾಂಡು ನೋಡಿ ಬಂದಿದ್ದರು. ಬಂದವರೇ ವಾದ್ಯ ತರಿಸಿಬಿಟ್ಟರು. ಊದಲು ಕಲಿಸುವವರು ಯಾರೂ ಇರಲಿಲ್ಲ. ಆಟ ಆಡಿಸುವ ಪಿ.ಟಿ. ಮಾಸ್ತರರೇ ಮೊಬೈಲು ನೋಡಿ ಕಲಿಸತೊಡಗಿದರು. ಜನವರಿ ಇಪ್ಪತ್ತಾರಕ್ಕೆ ತಾಲೂಕು ಮೈದಾನದಲ್ಲಿ ಬ್ಯಾಂಡು ನಡೆಯಲೇಬೇಕು, ಇಪ್ಪತ್ನಾಲ್ಕು ಕಿಲ್ಟು ಆಗಬೇಕು ಎಂದು ಚೇರ್ಮನ್ನರು ಅಂಗಡಿಗೆ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಎದುರಿನಿಂದ ತೆಗೆದ ಫೋಟೋ. ಎದೆಯುಬ್ಬಿಸಿ ನಿಂತ ಒಬ್ಬ ಮನುಷ್ಯ, ಸೊಂಟಕ್ಕೆ ಅಂಗೈ ಅಗಲದ ಬೆಲ್ಟು, ಮುಂದೆ ಜೋತಾಡುವ ಒಂದು ತೊಗಲಿನ ಚೀಲ. ಸಾವಕಾರರು ಆ ಚೀಲವನ್ನೇ ಬಹಳ ಹೊತ್ತು ನೋಡಿ, ಅವರಲ್ಲೂ ಎಲೆ ಅಡಿಕೆ ಚಂಚಿ ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿದರು. ಚೇರ್ಮನ್ನರು ಹೌದು ಎಂದರು. ಅವರಿಗೂ ಗೊತ್ತಿಲ್ಲ ಎನ್ನುವ ಅಭ್ಯಾಸವಿರಲಿಲ್ಲ.

ಬೆನ್ನಿನ ಕಡೆಯ ಫೋಟೋ ಇದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬೆಲ್ಟು ಕಂಡಿತು, ಬೆಲ್ಟು ಇದ್ದ ಮೇಲೆ ಲೂಪು ಇರಲೇಬೇಕು ಎಂದು ನನ್ನ ನಿಪ್ಪಾಣಿಯ ಒಂದು ವರ್ಷ ಹೇಳಿತು. ಪ್ಯಾಂಟಿಗೆ ಏಳಾದರೆ ಇದಕ್ಕೆ ಒಂಬತ್ತು ಇರಲಿ ಎಂದು ಉದಾರನಾದೆ. ಸೊಂಟದ ಎರಡೂ ಬದಿಗೆ ಬಿಗಿಯಲು ಪಟ್ಟಾ ಬಕಲ್ಲು ಏನೂ ಇಡಲಿಲ್ಲ. ಅಷ್ಟು ದೊಡ್ಡ ಬೆಲ್ಟು ಇದ್ದಾಗ ಬಕಲ್ಲೇಕೆ, ಎರಡು ಹುಕ್ಕು ಸಾಕು ಎಂದೆ. ಸೊಂಟಪಟ್ಟಿಯ ಒಳಗೆ ಕ್ಯಾನ್ವಾಸು ಹಾಕಿದರೆ ದಪ್ಪವಾಗುತ್ತದೆಂದು ಅದನ್ನೂ ಬಿಟ್ಟೆ. ಸೊಂಟಕ್ಕೆ ಎರಡು ಇಂಚು ಹೆಚ್ಚಿಗೆ ಬಿಡುವುದನ್ನು ಮಾತ್ರ ಮರೆಯಲಿಲ್ಲ. ಬೆಳೆಯುವ ಮಕ್ಕಳು ನೋಡಿ.

ನಿರಿಗೆಯ ದಪ್ಪಕ್ಕೆ ಮಿಷನ್ನಿನ ಸೂಜಿ ಮೂರು ಮುರಿದವು. ಹಾಗಾಗಿ ಲೂಪು ಕೂರಿಸುವುದು ಪದ್ಮಕ್ಕನ ಪಾಲಿಗೆ ಬಂತು. ಒಳಗಡೆ ದಾರ ಕಾಣಬಾರದು, ಮೇಲಿನ ಬಟ್ಟೆಯನ್ನಷ್ಟೇ ಹಿಡಿದು ಹೊಲಿ ಎಂದು ನಾನೇ ಹೇಳಿದೆ. ಆಕೆ ಒಂದು ಕಿಲ್ಟನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಅದನ್ನು ಹಿಡಿದುಕೊಂಡೇ ನನ್ನ ಟೇಬಲ್ಲಿನ ಹತ್ತಿರ ಬಂದಳು.

"ಮಾಸ್ತರ, ಐದ ಮೀಟರ್ ಅರಬಿ ಐತ್ರಿ ಇದು. ಲೂಪಿಗಿ ಜೋತ ಬಿಟ್ರ ನಿಂದರೂದಿಲ್ಲ. ನಾವು ಸೀರಿ ಉಡ್ತೀವಲ್ರಿ, ನಿರಗಿ ಭಾರ ಎಲ್ಲಾ ಒಳಗಿನ ಲಾಡಿ ಹಿಡೀತೈತಿ. ಇದಕ್ಕೂ ಮೈಗೆ ಬಿಗಿಯೂದು ಏನರ ಒಂದು ಬೇಕ್ರಿ."

"ಇದು ಸೀರಿ ಅಲ್ಲ ಅಕ್ಕಾ," ಎಂದೆ. "ಗಂಡಸರ ಡ್ರೆಸ್ಸು ಗಂಡಸರಿಗಿ ಬಿಡು."

ಆರೂ ಮಿಷನ್ನಿನವರು ನಕ್ಕರು. ಐದು ಮೀಟರಿನ ನಿರಿಗೆ ಲಂಗವನ್ನು ಮುಂದಿಟ್ಟುಕೊಂಡು, ದಿನಾ ನಿರಿಗೆ ಹಿಡಿದು ಉಡುವವಳಿಗೆ, ಜನ್ಮದಲ್ಲಿ ಲಂಗ ಉಡದ ನಾನು ಹೇಳಿದ ಮಾತು ಇದು. ಆಕೆ ಹೋಗಿ ಹೊಲಿಯಲು ಕೂತಳು. ಇಪ್ಪತ್ನಾಲ್ಕು ಕಿಲ್ಟಿಗೆ ಒಂಬತ್ತೊಂಬತ್ತು ಲೂಪು, ಪ್ರತಿ ಲೂಪಿನ ಎರಡೂ ತುದಿಗೆ ಏಳೇಳು ಹೊಲಿಗೆ. ಒಬ್ಬ ಹುಡುಗನನ್ನು ಕರೆಸಿ ತೊಡಿಸಿ ನೋಡಿದೆ. ಚಂದ ಕಂಡಿತು. ಸುಮ್ಮನೆ ನಿಂತವನಿಗೆ ನೋಡಿದೆನೇ ಹೊರತು ಚೀಲ ಊದುವವನಿಗೆ ನೋಡಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ನಾನೂ ಸಾವಕಾರರೂ ಮೈದಾನಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಬ್ಯಾಂಡು ಹೊರಟಿತು. ಚೀಲ ಊದುವಾಗ ಹೊಟ್ಟೆ ಉಬ್ಬುತ್ತದೆ, ಬಿಟ್ಟಾಗ ಒಳಗೆ ಹೋಗುತ್ತದೆ. ಬೆಲ್ಟು ಮೈಗೆ ಬಿಗಿಯಾಗಿಯೇ ಇತ್ತು, ಕಿಲ್ಟು ಎರಡು ಇಂಚು ಸಡಿಲವಿತ್ತು, ನಡುವೆ ಭಾರವೆಲ್ಲ ಒಂಬತ್ತು ಲೂಪಿನ ಮೇಲೆ. ಅರ್ಧ ಮೈದಾನ ದಾಟುವುದರೊಳಗೆ ಹಿಂದಿನ ಸಾಲಿನ ಒಬ್ಬ ಹುಡುಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನೋಡುನೋಡುತ್ತಿದ್ದಂತೆ ಇನ್ನೊಬ್ಬ. ವೇದಿಕೆಯ ಮುಂದೆ ಬರುವಷ್ಟರಲ್ಲಿ ಇಪ್ಪತ್ನಾಲ್ಕೂ ಮಕ್ಕಳ ಒಂದು ಕೈ ಬೆನ್ನ ಹಿಂದೆ ಲಂಗ ಹಿಡಿದಿತ್ತು, ಇನ್ನೊಂದು ಕೈಯಿಂದ ನುಡಿಸುವ ವಾದ್ಯ ಕಟುಕನ ಕೈಗೆ ಸಿಕ್ಕ ಆಡಿನ ದನಿ ತೆಗೆಯುತ್ತಿತ್ತು. ಒಳಗೆ ಆಟದ ಚಡ್ಡಿ ಇದ್ದದ್ದರಿಂದ ಮಾನ ಉಳಿಯಿತು. ಮುಖ್ಯ ಅತಿಥಿಗಳು ಎದ್ದು ನಿಂತು ಸಲ್ಯೂಟು ಹೊಡೆದರು. ಭಾಷಣದಲ್ಲಿ, ಒಂದು ಕೈ ಬೆನ್ನ ಹಿಂದೆ ಕಟ್ಟಿ ನಡೆಯುವ ಈ ವಿದೇಶಿ ಶಿಸ್ತು ನಮ್ಮ ಮಕ್ಕಳಿಗೂ ಬಂದಿತಲ್ಲ ಎಂದು ಹೊಗಳಿದರು. ಮರುವರ್ಷ ಬೇರೊಂದು ಶಾಲೆಯ ಮಕ್ಕಳು ಪ್ಯಾಂಟು ತೊಟ್ಟುಕೊಂಡೇ ಒಂದು ಕೈ ಬೆನ್ನ ಹಿಂದೆ ಕಟ್ಟಿ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅತಿಥಿಗಳನ್ನು ಮರುಳು ಮಾಡಬಹುದು, ಚೇರ್ಮನ್ನರನ್ನಲ್ಲ. ಮರುದಿನ ಬೆಳಿಗ್ಗೆ ಇಪ್ಪತ್ನಾಲ್ಕೂ ಕಿಲ್ಟು ತಂದು ನನ್ನ ಟೇಬಲ್ಲಿನ ಮೇಲೆ ಸುರಿದರು. ಸಾವಕಾರರು ಮೇಲೆ ಬಂದರು. ಮಿಷನ್ನು ನಿಂತವು. ಇದು ಯಾರ ಕೆಲಸ ಎಂದು ಕೇಳಿದರು.

ನಾನು ಒಂದು ಕಿಲ್ಟು ಎತ್ತಿ ನೋಡಿದೆ. ಅದರಲ್ಲಿ ನಾಲ್ಕು ಲೂಪು ಕಿತ್ತಿದ್ದವು. ಬೆಲ್ಟಿಗೆ ಸಿಕ್ಕಿಕೊಂಡು ಉಳಿದಿದ್ದ ಆ ಲೂಪುಗಳನ್ನೂ ಚೇರ್ಮನ್ನರು ತಂದಿದ್ದರು. ಒಂದನ್ನು ಬೆಳಕಿಗೆ ಹಿಡಿದೆ. ಏಳು ಹೊಲಿಗೆ, ಏಳೂ ಇದ್ದಹಾಗೇ ಇದ್ದವು. ಒಂದೂ ದಾರ ಹರಿದಿರಲಿಲ್ಲ. ಹೊಲಿಗೆಯ ಸುತ್ತಲಿನ ಬಟ್ಟೆಯೇ ಉಗುರಿನಷ್ಟು ಅಗಲಕ್ಕೆ ಹರಿದು ಲೂಪಿನ ಜೊತೆ ಬಂದಿತ್ತು. ಎರಡನೆಯದನ್ನು ನೋಡಿದೆ, ಅದೂ ಹಾಗೆಯೇ. ಹೊಲಿಗೆ ಬಿಟ್ಟಿಲ್ಲ, ಬಟ್ಟೆ ಹರಿದಿದೆ, ಭಾರ ತಪ್ಪು ಜಾಗಕ್ಕೆ ಬಿದ್ದಿದೆ, ಬೀಳಿಸಿದವನು ನಾನು. ಇದಿಷ್ಟೂ ಆ ಕ್ಷಣದಲ್ಲೇ ನನಗೆ ತಿಳಿಯಿತು. ತಿಳಿಯದೆ ಅಂದೆ ಎಂದು ಇವತ್ತು ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ.

"ಕೈಹೊಲಿಗಿ ಸಡಿಲ ಆಗೇತ್ರಿ ಸಾವಕಾರ," ಎಂದೆ. "ಹೊತ್ತ ಮುಳಗೂದ್ರಾಗ ಮನಿ ಮುಟ್ಟೂ ಅವಸರದಾಗ ಹೊಲದಾಳ."

ಆಕೆಯ ಊಟದ ನೇಮವನ್ನೂ ನನ್ನ ಸುಳ್ಳಿಗೆ ಅಸ್ತರ ಮಾಡಿಕೊಂಡೆ. ಚೇರ್ಮನ್ನರು ಹ್ಞೂಂ ಎಂದರು. ಸಾವಕಾರರು ಆಕೆಯ ಕಡೆ ನೋಡಿದರು. ಆಕೆ ಚಾಪೆಯಿಂದ ಎದ್ದು ಬಂದು ಟೇಬಲ್ಲಿನ ಮೇಲಿದ್ದ ಒಂದು ಲೂಪು ತಗೊಂಡಳು. ಅದರ ತುದಿಗೆ ಅಂಟಿದ್ದ ಬಟ್ಟೆಯ ಚೂರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಲೂಪನ್ನು ನನ್ನ ಕತ್ತರಿಯ ಪಕ್ಕಕ್ಕೆ ಇಟ್ಟಳು. ಸೂಜಿ ಡಬ್ಬಿ, ಕನ್ನಡಕ, ಊಟದ ಗಂಟು ತಗೊಂಡು ಇಳಿದು ಹೋದಳು. ಮತ್ತೆ ಆ ಅಟ್ಟ ಹತ್ತಲಿಲ್ಲ.

ಆಮೇಲೆ ನಮ್ಮ ಕಾರಖಾನೆಯಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಯಾರದಾದರೂ ಬಟನ್ನು ಬಿದ್ದರೆ, ತುರಪಿ ಬಿಟ್ಟರೆ, ಇದು ಪದ್ಮಕ್ಕನ ಹೊಲಿಗಿ ಎನ್ನುವರು. ಮಾತು ಮೆಟ್ಟಿಲಿಳಿದು ಬಜಾರಕ್ಕೂ ಹೋಯಿತು. ನಿಮ್ಮಲ್ಲಿ ಕೆಲವರು ಈಗಲೂ ಅದನ್ನು ಅನ್ನುತ್ತೀರಿ, ಆಕೆ ಯಾರೆಂದು ನಿಮಗೆ ಗೊತ್ತಿಲ್ಲ. ಅದನ್ನು ಕೇಳಿದಾಗಲೆಲ್ಲ ನಾನು ಅಳತೆಯ ವಹಿ ತಿರುವಿ ಹಾಕುತ್ತಾ ಕೂತಿರುತ್ತಿದ್ದೆ. ಕಿತ್ತ ಲೂಪುಗಳನ್ನು ಎಸೆಯಲು ಕೈ ಬರಲಿಲ್ಲ, ಒಂದು ಬಿಸ್ಕಿಟ್ ಡಬ್ಬಿಗೆ ಹಾಕಿ ಟೇಬಲ್ಲಿನ ಕೆಳಗೆ ತಳ್ಳಿದೆ.

ಲೂಪಿನ ಅರ್ಥ ತಿಳಿದದ್ದು ಅದಾದ ಎರಡು ತಿಂಗಳಿಗೆ. ಶಾಲೆಯವರಿಗೆ ಕೊನೆಗೂ ಬುದ್ಧಿ ಬಂದು, ಸೈನ್ಯದ ಪಲ್ಟಣದ ಬ್ಯಾಂಡಿನಲ್ಲಿ ಚೀಲ ಊದಿ ನಿವೃತ್ತರಾದ ಒಬ್ಬ ಹವಾಲ್ದಾರರನ್ನು ಕರೆಸಿದರು. ನಿಪ್ಪಾಣಿ ಹತ್ತಿರದ ಹಳ್ಳಿಯವರು. ಅವರು ತಮ್ಮ ಟ್ರಂಕಿನಿಂದ ಒಂದು ಹಳೆಯ ಕಿಲ್ಟು ತೆಗೆದು ನನ್ನ ಟೇಬಲ್ಲಿನ ಮೇಲೆ ಬೋರಲು ಹಾಸಿದರು. ಹಿಂದಿನ ಭಾಗ ಅವತ್ತು ಮೊದಲ ಸಲ ನೋಡಿದೆ. ಒಂಬತ್ತಲ್ಲ, ಎರಡೇ ಲೂಪು, ಎರಡೂ ಬೆನ್ನ ಕಡೆಗೆ. ಮುಂದೆ ಒಂದೂ ಇಲ್ಲ. ಎರಡೂ ಪಕ್ಕಕ್ಕೆ ತೊಗಲಿನ ಪಟ್ಟಾ, ಬಕಲ್ಲು.

ಹವಾಲ್ದಾರರು ಬೆರಳಿಟ್ಟು ಹೇಳಿದರು. ಕಿಲ್ಟು ನಿಲ್ಲುವುದು ಪಕ್ಕದ ಪಟ್ಟಾ ಬಕಲ್ಲಿನ ಬಿಗಿತಕ್ಕೆ, ಅದೂ ಪ್ಯಾಂಟಿನ ಸೊಂಟದಲ್ಲಲ್ಲ, ಮೇಲೆ ಹೊಕ್ಕುಳದ ಹತ್ತಿರ. ಅಗಲ ಬೆಲ್ಟು ಎಲ್ಲದರ ಮೇಲೆ ಬರುತ್ತದೆ, ಶೋಕಿಗೆ. ಅದು ಲೂಪಿನೊಳಗೆ ಹೋಗುವುದೇ ಇಲ್ಲ. ಮುಂದೆ ತೊಗಲಿನ ಚೀಲ ಜೋತಾಡುತ್ತದಲ್ಲ, ಅದರ ಸಪೂರ ಪಟ್ಟಾ ಮಾತ್ರ ಬೆನ್ನ ಹಿಂದೆ ಆ ಎರಡು ಲೂಪಿನಲ್ಲಿ ಹಾದು ಬರುತ್ತದೆ.

"ಲೂಪು ಹೊರಾಕ ಅಲ್ರಿ ಮಾಸ್ತರ," ಎಂದರು. "ಚೀಲದ ಪಟ್ಟಾ ಕೆಳಗ ಜಾರಬಾರದು, ಅದಕ್ಕ. ಎಲ್ಲಾ ಭಾರ ಇದರ ಮ್ಯಾಲ ಹಾಕಿದ್ರ ಪಾಪ ಇದೇನ ಮಾಡ್ತೈತಿ?"

ಮೈಗೆ ಬಿಗಿಯುವುದು ಏನಾದರೂ ಒಂದು ಬೇಕು ಎಂದು ಸೀರೆ ಉಡುವವಳು ಹೇಳಿದ್ದೂ ಇದನ್ನೇ. ಹವಾಲ್ದಾರರ ಮಾತಿಗೆ ನಾನು ಕೈಮುಗಿದೆ, ಆಕೆಯ ಮಾತಿಗೆ ನಕ್ಕಿದ್ದೆ. ಇಪ್ಪತ್ನಾಲ್ಕೂ ಕಿಲ್ಟು ಬಿಚ್ಚಿ ಮತ್ತೆ ಹೊಲಿದೆವು. ಸೊಂಟ ಅಳತೆಗೆ ಸರಿಯಾಗಿ, ಒಳಗೆ ಕ್ಯಾನ್ವಾಸು, ಪಕ್ಕಕ್ಕೆ ಪಟ್ಟಾ, ಹಿಂದೆ ಎರಡು ಲೂಪು. ಆಗಸ್ಟ್ ಹದಿನೈದಕ್ಕೆ ಬ್ಯಾಂಡು ಎರಡೂ ಕೈಯಿಂದ ನುಡಿಸುತ್ತ ನಡೆಯಿತು. ಚೇರ್ಮನ್ನರು ವೇದಿಕೆಗೆ ಕರೆದು ನನಗೆ ಶಾಲು ಹೊದಿಸಿದರು. ಅಥಣಿಯಿಂದ, ರಾಯಬಾಗದಿಂದ ಶಾಲೆಯವರು ಕಿಲ್ಟು ಮಾಸ್ತರನನ್ನು ಹುಡುಕಿಕೊಂಡು ಬರತೊಡಗಿದರು. ನಿಮ್ಮ ಸಾಧನೆ ಬರೆಯಿರಿ ಎಂದಿರಲ್ಲ, ಅದು ಇದೇ.

ಮುಂದೆ ಕಾಲ ಬದಲಾಯಿತು. ಯೂನಿಫಾರ್ಮು ಗಂಟುಗಟ್ಟಲೆ ಸಿದ್ಧವಾಗಿ ಬರತೊಡಗಿತು. ಸೊಂಟಕ್ಕೆ ಇಲಾಸ್ಟಿಕ್ಕು, ಅದರ ಮೇಲೂ ಲೂಪು, ಲೂಪಿನಲ್ಲಿ ಬೆಲ್ಟಿಲ್ಲ. ಯಾತಕ್ಕೆಂದು ಹೊಲಿದವನಿಗೂ ಗೊತ್ತಿಲ್ಲ, ತೊಟ್ಟವನಿಗೂ ಗೊತ್ತಿಲ್ಲ. ಹೋದ ವರ್ಷ ಸಾವಕಾರರ ಮಗ ಅಟ್ಟದ ಕಾರಖಾನೆ ಮುಚ್ಚಿ ಅಲ್ಲಿ ರೆಡಿಮೇಡ್ ದಾಸ್ತಾನು ತುಂಬಿದ. ನಾನು ನಿವೃತ್ತನಾದೆ. ಟೇಬಲ್ಲು ಸರಿಸಿದಾಗ ಬಿಸ್ಕಿಟ್ ಡಬ್ಬಿ ಸಿಕ್ಕಿತು. ಅದನ್ನು ಮನೆಗೆ ಒಯ್ದೆ, ಮೂರು ದಿನ ಎದುರಿಗೆ ಇಟ್ಟುಕೊಂಡೆ. ನಾಲ್ಕನೆಯ ದಿನ ಏಕಸಂಬಿಯ ಬಸ್ಸು ಹತ್ತಿದೆ.

ಪದ್ಮಕ್ಕನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಮೂರು ಮಿಷನ್ನಿದ್ದವು, ನಾಲ್ಕೈದು ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಿದ್ದರು. ಆಕೆ ಸೀರೆಗೆ ಫಾಲು ಹಚ್ಚುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಬರ್ರಿ ಮಾಸ್ತರ ಎಂದಳು, ಕೂರಲು ಹೇಳಿದಳು, ನೀರು ಕೊಟ್ಟಳು. ನಿನ್ನೆ ಮೊನ್ನೆ ಭೇಟಿಯಾದವರನ್ನು ಮಾತಾಡಿಸುವ ಹಾಗೆ ಮನೆಯವರ ಆರೋಗ್ಯ ವಿಚಾರಿಸಿದಳು. ನನಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಸ್ವಲ್ಪ ಒಳಗೆ ಮಾತಾಡೋಣ ಎಂದೆ. ಒಳಮನೆಗೆ ಕರೆದೊಯ್ದಳು.

ಡಬ್ಬಿ ತೆರೆದು ಮುಂದಿಟ್ಟೆ. ಆಕೆ ಒಂದು ಲೂಪು ಎತ್ತಿಕೊಂಡಳು. ತುದಿಗೆ ಅಂಟಿದ್ದ ಬಟ್ಟೆಯನ್ನು ಒಂದು ಕೈಯಲ್ಲಿ, ಲೂಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಜೋರಾಗಿ ಎಳೆದಳು. ಬಟ್ಟೆಯ ಎಳೆ ಬಿಟ್ಟಿತು, ಹೊಲಿಗೆ ಬಿಡಲಿಲ್ಲ.

"ಗಟ್ಟಿ ಐತಿ," ಎಂದಳು.

"ತಪ್ಪಾತು ಅಕ್ಕಾ," ಎಂದೆ. "ಅವತ್ತ ನನಗ ಗೊತ್ತಿತ್ತು. ಗೊತ್ತಿದ್ದೂ ಅಂದೆ."

ಪದ್ಮಕ್ಕ ಲೂಪನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಹೊರಗೆ ಮಿಷನ್ನಿನ ಸದ್ದು ಕೇಳುತ್ತಿತ್ತು.

"ನಿಮಗ ಗೊತ್ತಿತ್ತು ಅಂತ ನನಗ ಅವತ್ತ ಗೊತ್ತಾಗೇತ್ರಿ ಮಾಸ್ತರ. ನನಗ ಹೇಳಾಕ ಇಷ್ಟ ದೂರ ಯಾಕ ಬಂದ್ರಿ? ಅವತ್ತ ಎಲ್ಲಾರ ಮುಂದ ಅಂದ್ರಿ. ಈಗ ಒಳಗ ಕುಂತ ಹೇಳಾಕತ್ತೀರಿ. ನನ್ನ ಕಡೆ ಕಲಿಯೂ ಹುಡಿಗ್ಯಾರಿಗಿ ಚಿಕ್ಕೋಡಿ ಬಜಾರದಾಗ ಕೇಳ್ತಾರ, ಪದ್ಮಕ್ಕನ ಹೊಲಿಗಿ ಕಲ್ತೀರೇನು ಅಂತ."

ಡಬ್ಬಿಯನ್ನು ಆಕೆ ಇಟ್ಟುಕೊಳ್ಳಲಿಲ್ಲ. ನಿಮ್ಮ ಕಡೆನೇ ಇರಲಿ ಎಂದು ನನ್ನ ಕೈಗೇ ಕೊಟ್ಟಳು. ನಾನು ಬಸ್ಸಿಗೆಂದು ಎದ್ದೆ. ಐದು ಗಂಟೆಯಾಗಿತ್ತು, ಆಕೆಯ ಊಟದ ಹೊತ್ತು. ಉಂಡು ಹೋಗಿ ಎನ್ನುತ್ತಾಳೇನೋ ಎಂದು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತೆ. ಅನ್ನಲಿಲ್ಲ. ನನಗೆ ಅದು ಅನ್ಯಾಯ ಅನಿಸಲಿಲ್ಲ.

ಅದಾದ ಮೇಲೆ ಎಲ್ಲರನ್ನೂ ಒಂದೆಡೆ ಸೇರಿಸುವುದು ಹೇಗೆಂದು ಯೋಚಿಸುತ್ತಿದ್ದೆ. ಸಾವಕಾರರು ತೀರಿಕೊಂಡಿದ್ದಾರೆ. ಆರು ಮಿಷನ್ನಿನವರಲ್ಲಿ ಇಬ್ಬರು ಇಚಲಕರಂಜಿಯಲ್ಲಿದ್ದಾರೆ, ಒಬ್ಬ ಎಲ್ಲಿದ್ದಾನೋ ತಿಳಿಯದು. ಮಾತು ಮಾತ್ರ ಇಡೀ ಬಜಾರದಲ್ಲಿದೆ. ಅಷ್ಟರಲ್ಲಿ ನೀವು ಮೂವರು ಸ್ಮರಣ ಸಂಚಿಕೆ ಎಂದು ಬಂದಿರಿ. ಪ್ರತಿಯೊಂದು ಅಂಗಡಿಗೂ ಒಂದು ಪ್ರತಿ ಹೋಗುತ್ತದೆಯೇ ಎಂದು ನಾನು ಎರಡು ಸಲ ಕೇಳಿದ್ದು ಇದಕ್ಕೇ. ಹೋಗುತ್ತದೆ ಎಂದಿದ್ದೀರಿ. ಉದ್ದವಾಯಿತೆಂದು ನೀವು ಇದರಲ್ಲಿ ಕತ್ತರಿ ಹಾಕುವುದಾದರೆ ಪುಢಾರಿಯ ಸೊಂಟ ತೆಗೆಯಿರಿ, ಹೋಮಗಾರ್ಡಿನವರನ್ನು ತೆಗೆಯಿರಿ, ನನ್ನ ಶಾಲು ತೆಗೆಯಿರಿ. ಕೆಳಗಿನ ನಾಲ್ಕು ಸಾಲು ಮುಟ್ಟಬೇಡಿ. ಏಕಸಂಬಿಗೂ ಒಂದು ಪ್ರತಿ ಕಳಿಸಿ. ಅದನ್ನು ಪಡಸಾಲೆಯಲ್ಲಿ ಆ ಹುಡುಗಿಯರು ಗಟ್ಟಿಯಾಗಿ ಓದಲಿ.

ಕಿಲ್ಟಿನ ಲೂಪು ಎರಡು, ಬೆನ್ನ ಕಡೆಗೆ. ಅದು ಮುಂದೆ ಜೋತಾಡುವ ಚೀಲದ ಪಟ್ಟಾ ಹಿಡಿಯಲಿಕ್ಕೆ, ಬಟ್ಟೆಯ ಭಾರ ಹೊರಲಿಕ್ಕಲ್ಲ.

ಅವತ್ತು ಪದ್ಮಕ್ಕನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

ಹರಿದದ್ದು ಬಟ್ಟೆ, ಕತ್ತರಿಸಿದವನು ನಾನು.

ಇನ್ನು ಮುಂದೆ ಬಟನ್ನು ಬಿದ್ದರೆ ನನ್ನ ಹೆಸರು ಹೇಳಿ.